ನವವೃತ್ತಿಗ ಮುಷ್ಟಿಮಲ್ಲರ ಸಾಧನೆಗಳು

ಹಣಕ್ಕಾಗಿ ಸೆಣಸುವ ವೃತ್ತಿಪರ ಮುಷ್ಟಿಯುದ್ಧದಲ್ಲಿ ಹತ್ತು ಹನ್ನೆರಡು ಕಾಳಗಗಳನ್ನಷ್ಟೇ ಕಂಡ, ಕೆಲವೊಮ್ಮೆ ಅಷ್ಟನ್ನೂ ಕಾಣದ ಹೊಸಬರು, ಆ ವೃತ್ತಿಯಲ್ಲಿ ಪಳಗಿ ಹಣ್ಣಾದ ಮಲ್ಲರನ್ನು ಎದುರಿಸಿ ವಿಶ್ವಪಟ್ಟವನ್ನು ಕಸಿದುಕೊಂಡ, ಇಲ್ಲವೆ ಕಸಿದುಕೊಳ್ಳುವ ಅಂಚಿನವರೆಗೆ ಹೋಗಿ ಹಿಂದಿರುಗಿದ ಪ್ರಸಂಗಗಳು ಈ ಲೇಖನದ ವಸ್ತು. ಹೊಸ ಮಲ್ಲನೊಬ್ಬನನ್ನು ಬೆಳೆಸುವ ರೂಢಿಯ ಕ್ರಮವೇ ಬೇರೆ: ಮೊದಲು ನಾಲ್ಕು ಸುತ್ತಿನ ಕಾಳಗ, ಅನಂತರ ಆರು, ಅನಂತರ ಎಂಟು, ಹತ್ತು ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ, ತಾಯಿ ಮಗುವಿಗೆ ಅನ್ನವನ್ನು ಮಿದುಮಾಡಿ ಉಣಿಸುವಷ್ಟು ಎಚ್ಚರದಿಂದ ಎದುರಾಳಿಗಳನ್ನು ಆರಿಸಿಕೊಡುತ್ತ, ಇಪ್ಪತ್ತು ಮೂವತ್ತು ಗೆಲುವುಗಳು ಕೂಡಿದ ಮೇಲೆ ಮಾತ್ರ ಅವನನ್ನು ಜಗಜ್ಜೆಟ್ಟಿಯ ಎದುರಿಗೆ ನಿಲ್ಲಿಸುವುದು ವ್ಯವಸ್ಥಾಪಕರ ಪದ್ಧತಿ. ಈ ಮೆಟ್ಟಿಲುಗಳನ್ನೆಲ್ಲ ಒಂದೇ ನೆಗೆತಕ್ಕೆ ದಾಟಿದವರು ವಿರಳ. ದಾಟಿದವರಲ್ಲಿಯೂ ಮೇಲೆ ಭದ್ರವಾಗಿ ನಿಂತವರು ಇನ್ನೂ ವಿರಳ.

ವಯಸ್ಸಿನ ಎಳೆತನವನ್ನು ವೃತ್ತಿಯ ಎಳೆತನದೊಡನೆ ಬೆರೆಸಬಾರದು. ಪ್ಯೂರ್ಟೊರಿಕೊದ ವಿಲ್ಫ್ರೆಡ್ ಬೆನಿಟೆಜ್ 1976ರ ಮಾರ್ಚ್ 6ರಂದು ಸಾನ್ ವಾನ್ ನಗರದಲ್ಲಿ ಆಂಟೋನಿಯೊ ಸರ್ವಾಂಟಿಸನನ್ನು ಸೋಲಿಸಿ ವಿಶ್ವಪಟ್ಟವೇರಿದಾಗ ಅವನಿಗೆ ಕೇವಲ 17 ವರ್ಷ. ಅವನಿಗಿಂತ ಕಿರಿಯ ಜಗಜ್ಜೆಟ್ಟಿಯನ್ನು ಈ ಕ್ರೀಡೆ ಕಂಡಿಲ್ಲ. ಆದರೆ ಆ ಬಾಲಕನು ಆ ವೇಳೆಗಾಗಲೇ ಇಪ್ಪತ್ತೈದು ವೃತ್ತಿಪರ ಕಾಳಗಗಳನ್ನು ಗೆದ್ದಿದ್ದನು. 1986ರ ನವೆಂಬರ್ 22ರಂದು ಟ್ರೆವರ್ ಬರ್ಬಿಕನನ್ನು ಕೆಡಹಿ, 20ನೆಯ ವಯಸ್ಸಿನಲ್ಲಿ ಗುರುಭಾರವರ್ಗದ ಪಟ್ಟ ಪಡೆದ ಮೈಕ್ ಟೈಸನ್ನನಿಗೂ ಅದು 28ನೆಯ ಕಾಳಗ. ಇಲ್ಲಿ ಪ್ರಸ್ತುತರಾದವರು ಮುಖ್ಯವಾಗಿ ಬೇರೆ ಜಾತಿಯವರು: ವಯಸ್ಸಿನಿಂದ ಬಲಿತವರು, ವೃತ್ತಿಯ ಖಾತೆಯಲ್ಲಿ ಮಾತ್ರ ಹೆಸರು ಈಗತಾನೆ ಬರೆಸಿಕೊಂಡವರು.

ಆ ಖಾತೆಯ ಸ್ವಭಾವವನ್ನು ಮೊದಲು ತಿಳಿಯುವುದು ಅವಶ್ಯ. ಹವ್ಯಾಸಿ ಮುಷ್ಟಿಯುದ್ಧದಲ್ಲಿ ಒಬ್ಬನು ಮುನ್ನೂರು ಕಾಳಗಗಳನ್ನು ಗೆದ್ದಿದ್ದರೂ, ಒಲಿಂಪಿಕ್ ಸ್ವರ್ಣಪದಕವನ್ನು ಎರಡು ಬಾರಿ ಕೊರಳಿಗೆ ಧರಿಸಿದ್ದರೂ, ವೃತ್ತಿಪರನಾದ ದಿನ ಅವನ ಲೆಕ್ಕ ಸೊನ್ನೆಯಿಂದಲೇ ಮೊದಲಾಗುತ್ತದೆ. ಇದರಲ್ಲಿ ಅನ್ಯಾಯವೇನೂ ಇಲ್ಲ, ಏಕೆಂದರೆ ಎರಡೂ ಬೇರೆ ಬೇರೆ ವಿದ್ಯೆಗಳು. ಒಲಿಂಪಿಕ್ ಕಾಳಗ ಮೂರು ಸುತ್ತುಗಳ ಓಟ. ಅಲ್ಲಿ ಬೇಗ ಬೇಗನೆ ಹೊಡೆದು ಅಂಕ ಕೂಡಿಸಿಕೊಂಡು ಸರಿಯುವವನಿಗೆ ಜಯ. ವಿಶ್ವಪಟ್ಟದ ಕಾಳಗವಾದರೋ ಹಿಂದೆ ಹದಿನೈದು ಸುತ್ತುಗಳದಾಗಿದ್ದು, 1982ರ ನವೆಂಬರಿನಲ್ಲಿ ಕೊರಿಯಾದ ಕಿಮ್ ಡಕ್‌ಕೂ ಹದಿನಾಲ್ಕನೆಯ ಸುತ್ತಿನಲ್ಲಿ ಬಿದ್ದು ಪ್ರಾಣ ಕಳೆದುಕೊಂಡ ಮೇಲೆ ಕ್ರಮೇಣ ಹನ್ನೆರಡಕ್ಕೆ ಇಳಿಯಿತು. ಅಲ್ಲಿ ಕೈಗವಚ ಹಗುರ, ತಲೆಗವಚವಿಲ್ಲ. ಪಕ್ಕೆಗೆ, ಹೊಟ್ಟೆಗೆ ಬಿದ್ದ ಪೆಟ್ಟಿನ ಬಡ್ಡಿಯನ್ನು ಎಂಟನೆಯ ಒಂಬತ್ತನೆಯ ಸುತ್ತುಗಳಲ್ಲಿ ವಸೂಲು ಮಾಡಲಾಗುತ್ತದೆ. ಎದುರಾಳಿಯ ತೋಳುಗಳನ್ನು ಹಿಡಿದು ದಣಿಸುವುದು, ಮೈಮೇಲೆ ಒರಗಿ ಭಾರ ಹಾಕುವುದು, ನಿರ್ಣಾಯಕನ ಕಣ್ಣಿಗೆ ಬೀಳದಂತೆ ಮೊಣಕೈ ತಾಗಿಸುವುದು, ಸುತ್ತಿನ ಕಡೆಯ ಅರ್ಧ ನಿಮಿಷದಲ್ಲಿ ಎರಗಿ ತೀರ್ಪುಗಾರರ ಮನಸ್ಸನ್ನು ಒಲಿಸಿಕೊಳ್ಳುವುದು, ಇವೆಲ್ಲ ಗರಡಿಯಲ್ಲಿ ಯಾರೂ ಪಾಠ ಹೇಳಿ ಕೊಡಲಾರದ, ಕಾದಿ ಕಾದಿಯೇ ಮೈಗೂಡಬೇಕಾದ ಸಂಗತಿಗಳು.

ಹೀಗಿದ್ದರೂ ಈ ಲೇಖನದಲ್ಲಿ ಹೆಸರಿಸುವ ಬಹುಮಂದಿ ಮಲ್ಲರ ಪೂರ್ವವೃತ್ತಾಂತವನ್ನು ಕೆದಕಿದರೆ, 'ಅನನುಭವಿ' ಎಂಬ ವಿಶೇಷಣ ಅವರಿಗೆ ಅಂಕಿಯ ಮಟ್ಟಿಗೆ ಮಾತ್ರ ಸಲ್ಲುತ್ತದೆಂಬುದು ಕಂಡುಬರುತ್ತದೆ. ಒಬ್ಬೊಬ್ಬನ ಹಿಂದೆಯೂ ಖಾತೆಗೆ ಸೇರದ ಇನ್ನೊಂದು ಜೀವಿತವಿದೆ: ಒಬ್ಬನಿಗೆ ಹವ್ಯಾಸಿ ಕಣದ ನೂರಾರು ಕಾಳಗಗಳು, ಇನ್ನೊಬ್ಬನಿಗೆ ಕೈಕಾಲು ಎರಡರಿಂದಲೂ ಹೋರುವ ಥಾಯ್ ಮಲ್ಲವಿದ್ಯೆ, ಮತ್ತೊಬ್ಬನಿಗೆ ತಂದೆಯೇ ಗುರುವಾದ ಬಾಲ್ಯ. ಆ ಗುಪ್ತಧನವನ್ನು ಲೆಕ್ಕಕ್ಕೆ ತಾರದೆ ಇವರ ಸಾಧನೆಯನ್ನು ಪವಾಡವೆಂದು ಬಣ್ಣಿಸುವುದು ಇವರ ಶ್ರಮಕ್ಕೆ ಮಾಡುವ ಅಪಚಾರ. ಆ ಧನ ಎಲ್ಲಿ ಸಾಲದೆ ಹೋಯಿತು ಎಂಬುದೂ ಅಷ್ಟೇ ಮುಖ್ಯವಾದ ವಿಚಾರ. ಕೆಳಗಿನ ಮೊದಲ ಉದಾಹರಣೆಯಲ್ಲಿಯೇ ಅದು ಸ್ಪಷ್ಟವಾಗುವುದು.

1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ರಷ್ಯದ ಲೆವ್ ಮುಖಿನನನ್ನು ಮೊದಲ ಸುತ್ತಿನಲ್ಲಿಯೇ ಸೋಲಿಸಿ ಗುರುಭಾರವರ್ಗದ ಸ್ವರ್ಣವನ್ನು ಗೆದ್ದ ಅಮೆರಿಕದ ಪೀಟ್ ರಾಡಮಾಕರ್, ಸೈನ್ಯದಲ್ಲಿ ಅಧಿಕಾರಿಯಾಗಿದ್ದವನು. ವೃತ್ತಿಪರನಾಗಿ ಒಂದೇ ಒಂದು ಕಾಳಗವನ್ನೂ ಆಡದೆ ನೇರವಾಗಿ ಜಗಜ್ಜೆಟ್ಟಿಯೊಡನೆ ಸೆಣಸುವೆನೆಂದು ಅವನು ಹೇಳಿದಾಗ ಕೇಳಿದವರು ಅದನ್ನು ಹುಚ್ಚೆಂದೇ ಭಾವಿಸಿದರು. ಅವನಾದರೋ ಛಲ ಬಿಡಲಿಲ್ಲ: ಹಣ ಹೂಡುವವರನ್ನು ತಾನೇ ಹುಡುಕಿ ಒಪ್ಪಿಸಿ, ಆಗಿನ ಪಟ್ಟಾಧಿಕಾರಿ ಫ್ಲಾಯ್ಡ್ ಪ್ಯಾಟರ್ಸನ್ನನಿಗೆ ಎರಡೂವರೆ ಲಕ್ಷ ಡಾಲರುಗಳ ಖಾತರಿ ಕೊಡಿಸಿ, 1957ರ ಆಗಸ್ಟ್ 22ರಂದು ಸಿಯಾಟಲ್ ನಗರದ ಬೇಸ್‌ಬಾಲ್ ಮೈದಾನದಲ್ಲಿ ಕಣವನ್ನು ಕಟ್ಟಿಸಿಯೇಬಿಟ್ಟನು. ಗುರುಭಾರವರ್ಗದ ಪಟ್ಟಕ್ಕಾಗಿ ತನ್ನ ಮೊತ್ತಮೊದಲ ವೃತ್ತಿಪರ ಕಾಳಗದಲ್ಲಿಯೇ ಹೋರಿದವನು ಅವನಿಗೆ ಮುಂಚೆ ಯಾರೂ ಇರಲಿಲ್ಲ.

ಎರಡನೆಯ ಸುತ್ತಿನಲ್ಲಿ ರಾಡಮಾಕರನ ಬಲಗೈ ಪೆಟ್ಟಿಗೆ ಪ್ಯಾಟರ್ಸನ್ ನೆಲಕ್ಕೆ ಬಿದ್ದನು. ನಿರ್ಣಾಯಕನು ಎಣಿಸುತ್ತಿದ್ದ ಆ ಕೆಲವು ಕ್ಷಣಗಳಲ್ಲಿ, ಕಾಳಗದ ಪುಸ್ತಕದಲ್ಲಿ ಹೆಸರೇ ಇಲ್ಲದ 28 ವರ್ಷದ ಸೇನಾಧಿಕಾರಿಯೊಬ್ಬನು ಜಗತ್ತಿನ ಅತಿ ಬಲಿಷ್ಠ ಮಲ್ಲನ ಮೇಲೆ ನಿಂತಿದ್ದ ಆ ದೃಶ್ಯವನ್ನು ಮನಸ್ಸಿಗೆ ತಂದುಕೊಂಡರೆ ಇಂದಿಗೂ ಮೈ ನವಿರೇಳುತ್ತದೆ. ಆದರೆ ಪ್ಯಾಟರ್ಸನ್ ಎದ್ದನು. ಎದ್ದ ಮೇಲೆ ಆ ರಾತ್ರಿ ಅವನದೇ ಆಯಿತು. ಮೂರು ಸುತ್ತುಗಳ ಓಟಕ್ಕೆ ಒಗ್ಗಿದ್ದ ರಾಡಮಾಕರನ ಕಾಲುಗಳು ನಾಲ್ಕನೆಯ ಐದನೆಯ ಸುತ್ತುಗಳಲ್ಲಿ ಸೋತವು. ಮತ್ತೆ ಮತ್ತೆ ಬಿದ್ದು, ಮತ್ತೆ ಮತ್ತೆ ಎದ್ದು, ಆರನೆಯ ಸುತ್ತಿನ ಕೊನೆಗೆ ಅವನು ಎಣಿಕೆ ಮುಗಿಯುವುದರೊಳಗೆ ಏಳಲಾರದೆ ಹೋದನು. ಅವನಿಗೆ ಕೊರತೆಯಾದುದು ಧೈರ್ಯವಾಗಲಿ ಬಲವಾಗಲಿ ಅಲ್ಲ. ನಾಲ್ಕನೆಯ ಸುತ್ತು ಹೇಗಿರುತ್ತದೆಂಬುದು ಅವನಿಗೆ ತಿಳಿದಿರಲಿಲ್ಲ, ಅಷ್ಟೆ. ಅನಂತರ ಅವನು 1962ರವರೆಗೆ ಕಾದಿದನು. ಕೆನಡಾದ ಜಾರ್ಜ್ ಶುವಾಲೊವಿನಂಥ ಗಟ್ಟಿಗನನ್ನೂ ಸೋಲಿಸಿದನು. ಆದರೆ ಪಟ್ಟದ ಅವಕಾಶ ಮತ್ತೆ ಒದಗಲಿಲ್ಲ.

ರಾಡಮಾಕರನಿಗೆ ಕೈತಪ್ಪಿದುದು ಹದಿನೆಂಟು ವರ್ಷಗಳ ಮೇಲೆ ಥಾಯ್ಲೆಂಡಿನವನೊಬ್ಬನಿಗೆ ದೊರಕಿತು. ಸೆನ್ಸಾಕ್ ಮುವಾಂಗ್‌ಸುರಿನ್ ಎಂಬ ಎಡಗೈ ಮಲ್ಲನು ಬ್ಯಾಂಕಾಕಿನ ಕಣಗಳಲ್ಲಿ ಮುಷ್ಟಿ, ಮೊಣಕೈ, ಮೊಣಕಾಲು, ಪಾದ ಇವೆಲ್ಲವನ್ನೂ ಆಯುಧವಾಗಿ ಬಳಸುವ ಮುಯ್ ಥಾಯ್ ವಿದ್ಯೆಯಲ್ಲಿ ಪ್ರಖ್ಯಾತನಾಗಿದ್ದನು. 1974ರ ನವೆಂಬರಿನಲ್ಲಿ ಮುಷ್ಟಿಯುದ್ಧಕ್ಕೆ ಇಳಿದನು. 1975ರ ಫೆಬ್ರುವರಿಯಲ್ಲಿ ಜಪಾನಿನ ಲಯನ್ ಫುರುಯಾಮನನ್ನು ಸೋಲಿಸಿದನು. ಅದೇ ವರ್ಷದ ಜುಲೈ 15ರಂದು, ತನ್ನ ಮೂರನೆಯ ಕಾಳಗದಲ್ಲಿ, ಸ್ಪೇನಿನ ಪೆರಿಕೊ ಫರ್ನಾಂಡಿಸನನ್ನು ಎಂಟನೆಯ ಸುತ್ತಿನಲ್ಲಿ ಮುಗಿಸಿ ವಿಶ್ವ ಬಾಕ್ಸಿಂಗ್ ಮಂಡಳಿಯ 140 ಪೌಂಡಿನ ವರ್ಗದ ಪಟ್ಟವನ್ನು ಪಡೆದನು. ಎಂಟು ತಿಂಗಳು, ಮೂರು ಕಾಳಗ. ಅದಕ್ಕಿಂತ ಕಡಿಮೆ ಕಾಳಗಗಳಲ್ಲಿ ವಿಶ್ವಪಟ್ಟವನ್ನು ಪುರುಷರಲ್ಲಿ ಈವರೆಗೆ ಯಾರೂ ಗೆದ್ದಿಲ್ಲ.

ಈ ಸಾಧನೆಯ ತೂಕವನ್ನು ಅಳೆಯುವಾಗ ಎರಡು ಸಂಗತಿಗಳನ್ನು ಗಮನಿಸಬೇಕು. ಸೆನ್ಸಾಕ್ ಗೆದ್ದುದು ತೆರವಾಗಿ ಬಿದ್ದಿದ್ದ ಪಟ್ಟವನ್ನಲ್ಲ, ಅದನ್ನು ಧರಿಸಿದ್ದವನ ತಲೆಯಿಂದಲೇ ಅದನ್ನು ಇಳಿಸಿದನು. ಜೊತೆಗೆ ಮುಯ್ ಥಾಯ್ ಕಣದಲ್ಲಿ ಬಾಲ್ಯದಿಂದ ಪೆಟ್ಟು ತಿಂದು ಪೆಟ್ಟು ಕೊಟ್ಟು ಬೆಳೆದವನಿಗೆ ನಾಲ್ಕು ವಿಧದ ಆಯುಧಗಳಲ್ಲಿ ಮೂರನ್ನು ಬದಿಗಿಟ್ಟು ಒಂದನ್ನೇ ಬಳಸುವುದು ಹೊಸ ಶಿಸ್ತಾದರೂ, ಎದುರಾಳಿಯ ದೂರವನ್ನು ಅಳೆಯುವ ಕಣ್ಣು, ನೋವನ್ನು ಮುಖದಲ್ಲಿ ತೋರಗೊಡದ ಅಭ್ಯಾಸ, ಸಾವಿರಾರು ಜನರ ಕೂಗಿನ ನಡುವೆ ಉಸಿರನ್ನು ಹತೋಟಿಯಲ್ಲಿಡುವ ಬಗೆ, ಇವು ಹೊಸದಾಗಿ ಕಲಿಯಬೇಕಾದವುಗಳಲ್ಲ. 1976ರಲ್ಲಿ ಮ್ಯಾಡ್ರಿಡ್‌ನಲ್ಲಿ ನಿಯಮಭಂಗದ ಕಾರಣ ಪಟ್ಟ ಕಳೆದುಕೊಂಡರೂ ಕೆಲವೇ ತಿಂಗಳಲ್ಲಿ ಮರಳಿ ಪಡೆದು, 1978ರ ಡಿಸೆಂಬರಿನಲ್ಲಿ ಸಿಯೋಲ್ ನಗರದಲ್ಲಿ ಸೋಲುವವರೆಗೆ ಅದನ್ನು ಉಳಿಸಿಕೊಂಡನು. ಅನಂತರದ ಬದುಕು ಕರುಣಾಜನಕ: ಪೆಟ್ಟುಗಳಿಂದ ಒಂದು ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡು 2009ರಲ್ಲಿ ತೀರಿಕೊಂಡನು. ಅವನ ದಾರಿಯಲ್ಲಿಯೇ ನಡೆದ ವೀರಾಫೊಲ್ ಸಹಪ್ರೊಮ್ 1995ರ ಸೆಪ್ಟೆಂಬರಿನಲ್ಲಿ, ನಾಲ್ಕನೆಯ ಕಾಳಗದಲ್ಲಿ, ಸ್ವದೇಶೀಯನಾದ ದಾವ್‌ರುಂಗನನ್ನು ಸೋಲಿಸಿ 118 ಪೌಂಡಿನ ವರ್ಗದ ಪಟ್ಟ ಪಡೆದು, ಕೆಲವೇ ತಿಂಗಳಲ್ಲಿ ಅದನ್ನು ಕಳೆದುಕೊಂಡನಾದರೂ, ಮುಂದೆ ಇನ್ನೊಂದು ಮಂಡಳಿಯ ಪಟ್ಟವನ್ನು 1998ರಿಂದ 2005ರವರೆಗೆ ಆಳಿದನು. ನೆಗೆದು ಹತ್ತಿದವರೂ ಒಮ್ಮೆ ಬಿದ್ದ ಮೇಲೆ ಮೆಟ್ಟಿಲು ಹಿಡಿದು ಮತ್ತೆ ಹತ್ತಿದುದುಂಟು ಎಂಬುದಕ್ಕೆ ಇವನು ಸಾಕ್ಷಿ.

ಗುರುಭಾರವರ್ಗದಲ್ಲಿ ಈ ಬಗೆಯ ವಿಜಯಗಳಲ್ಲೆಲ್ಲ ಮಿಗಿಲಾದುದು ಲಿಯಾನ್ ಸ್ಪಿಂಕ್ಸನದು. ಸೇಂಟ್ ಲೂಯಿ ನಗರದ ಬಡವರ ವಸತಿಯಲ್ಲಿ ಬೆಳೆದು ನೌಕಾಪದಾತಿ ದಳ ಸೇರಿದ್ದ ಈತ, 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಲಘು ಗುರುಭಾರವರ್ಗದ ಸ್ವರ್ಣ ಗೆದ್ದನು. ಅದೇ ಕೂಟದಲ್ಲಿ ತಮ್ಮನಾದ ಮೈಕಲ್ ಕೂಡ ಮಧ್ಯಮಭಾರದ ಸ್ವರ್ಣ ಗೆದ್ದುದು ಒಂದು ವಿಶೇಷ. 1977ರ ಜನವರಿಯಲ್ಲಿ ವೃತ್ತಿಪರನಾದ ಲಿಯಾನ್ ಒಂದು ವರ್ಷದಲ್ಲಿ ಏಳು ಕಾಳಗಗಳನ್ನಾಡಿ ಆರನ್ನು ಗೆದ್ದು ಒಂದನ್ನು ಸಮ ಮಾಡಿಕೊಂಡಿದ್ದನು. ಇಂಥವನನ್ನು 57 ಕಾಳಗಗಳ ಅನುಭವಿಯಾದ, ಲಿಸ್ಟನ್, ಫ್ರೇಜರ್, ಫೋರ್‌ಮನ್ ಮೊದಲಾದವರನ್ನೆಲ್ಲ ಕೆಡಹಿದ್ದ ಮುಹಮ್ಮದ್ ಅಲಿಯ ಎದುರಿಗೆ ನಿಲ್ಲಿಸಿದಾಗ, ಜನ ಅದನ್ನು ಅಲಿಗೆ ದೊರೆತ ಒಂದು ಸಂಜೆಯ ವಿಹಾರವೆಂದು ತಿಳಿದರೆ ಆಶ್ಚರ್ಯವಿಲ್ಲ. ಅಲಿಯೂ ಹಾಗೆಯೇ ತಿಳಿದಂತೆ ತೋರುತ್ತದೆ.

1978ರ ಫೆಬ್ರುವರಿ 15ರಂದು ಲಾಸ್ ವೇಗಸ್‌ನಲ್ಲಿ ನಡೆದ ಆ ಕಾಳಗವನ್ನು ಹತ್ತಿರದಿಂದ ನೋಡುವುದು ಉಚಿತ. 36 ವರ್ಷದ ಅಲಿ ಮೊದಲ ಸುತ್ತುಗಳಲ್ಲಿ ತನ್ನ ಹಳೆಯ ತಂತ್ರವನ್ನೇ ಹಿಡಿದನು: ಹಗ್ಗಕ್ಕೆ ಬೆನ್ನೊರಗಿಸಿ, ಎರಡು ತೋಳುಗಳನ್ನೂ ಮುಖದ ಮುಂದೆ ಬಾಗಿಲಿನಂತೆ ಮುಚ್ಚಿ, ಎದುರಾಳಿ ಹೊಡೆದು ಹೊಡೆದು ದಣಿಯಲೆಂದು ಕಾದನು. 1974ರಲ್ಲಿ ಆಫ್ರಿಕಾದ ಕಿನ್ಶಾಸದಲ್ಲಿ ಫೋರ್‌ಮನ್ ಈ ಬಲೆಗೆ ಬಿದ್ದು ಎಂಟನೆಯ ಸುತ್ತಿನಲ್ಲಿ ಕುಸಿದಿದ್ದನು. ಸ್ಪಿಂಕ್ಸ್ ಕುಸಿಯಲಿಲ್ಲ. ಮುಖ ಸಿಕ್ಕದಿದ್ದರೆ ತೋಳನ್ನಾದರೂ ಹೊಡೆ ಎಂಬುದು ಅವನ ಪಾಳೆಯದ ಉಪದೇಶ. ಅದರಂತೆ ಅವನು ಮುಚ್ಚಿದ ಆ ತೋಳುಗಳನ್ನೇ, ಭುಜಗಳನ್ನೇ ಎಡೆಬಿಡದೆ ಬಡಿದನು. ದಣಿಯಬೇಕಾದವನು ದಣಿಯಲಿಲ್ಲ, ಕಾಯುತ್ತಿದ್ದವನ ತೋಳುಗಳು ಮಾತ್ರ ಸುತ್ತು ಸುತ್ತಿಗೂ ಭಾರವಾದವು. ಅಲಿ ತಾನು ಸುತ್ತುಗಳನ್ನು ಬಿಟ್ಟುಕೊಟ್ಟುದು ಹೆಚ್ಚಾಯಿತೆಂದು ಅರಿತು ಹಗ್ಗವನ್ನು ಬಿಟ್ಟು ನಡುಗಣಕ್ಕೆ ಬರುವ ವೇಳೆಗೆ ತಡವಾಗಿತ್ತು. ಹತ್ತು ಸುತ್ತುಗಳಾಚೆ ಎಂದೂ ಹೋಗಿರದ ಸ್ಪಿಂಕ್ಸ್ ಹದಿನೈದನೆಯ ಸುತ್ತಿನಲ್ಲಿಯೂ ಮುನ್ನುಗ್ಗುತ್ತಲೇ ಇದ್ದನು. ಇಬ್ಬರೂ ಎದೆಗೆ ಎದೆ ಕೊಟ್ಟು ನಿಂತು, ಉಳಿದ ಶಕ್ತಿಯನ್ನೆಲ್ಲ ಚೆಲ್ಲಿದ ಆ ಕಡೆಯ ಮೂರು ನಿಮಿಷಗಳು ಈ ಕ್ರೀಡೆಯ ಮಹಾಪ್ರಸಂಗಗಳ ಸಾಲಿಗೆ ಸೇರಿದವು. ತೀರ್ಪುಗಾರರಲ್ಲಿ ಒಬ್ಬನು ಅಲಿಗೆ 143–142 ಎಂದನು. ಮಿಕ್ಕಿಬ್ಬರು 144–141, 145–140 ಎಂದು ಸ್ಪಿಂಕ್ಸನಿಗೆ ಕೊಟ್ಟರು. ಮುಂದಿನ ಎರಡು ಹಲ್ಲುಗಳಿಲ್ಲದ ಅವನ ಅಗಲವಾದ ನಗೆ ಮರುದಿನ ಲೋಕದ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು.

ಎಂಟನೆಯ ಕಾಳಗದಲ್ಲಿ ಜಗಜ್ಜೆಟ್ಟಿಯಾದವನು ಆಧುನಿಕ ಗುರುಭಾರವರ್ಗದಲ್ಲಿ ಇವನೊಬ್ಬನೇ. ಅದಕ್ಕಿಂತಲೂ ದೊಡ್ಡದು ಇನ್ನೊಂದು ಸಂಗತಿ: ಅಲಿ ಪಟ್ಟದಲ್ಲಿದ್ದಾಗ ಅದನ್ನು ಕಣದೊಳಗೆ ಅವನಿಂದ ಗೆದ್ದುಕೊಂಡ ಮಲ್ಲ ಇತಿಹಾಸದಲ್ಲಿ ಇವನ ಹೊರತು ಬೇರೊಬ್ಬನಿಲ್ಲ. ಫ್ರೇಜರ್, ಹೋಮ್ಸರು ಅಲಿಯನ್ನು ಸೋಲಿಸಿದಾಗ ಪಟ್ಟ ಅವರ ಬಳಿಯೇ ಇತ್ತು; ನಾರ್ಟನ್ ಗೆದ್ದಾಗ ಪಣದಲ್ಲಿ ವಿಶ್ವಪಟ್ಟವೇ ಇರಲಿಲ್ಲ. ಸ್ಪಿಂಕ್ಸನ ಆಳ್ವಿಕೆ ಏಳೇ ತಿಂಗಳು. ವಿಶ್ವ ಬಾಕ್ಸಿಂಗ್ ಮಂಡಳಿ ತನ್ನ ಪಟ್ಟವನ್ನು ಕೂಡಲೆ ಕಿತ್ತುಕೊಂಡಿತು. ಉಳಿದುದನ್ನು ಸೆಪ್ಟೆಂಬರ್ 15ರಂದು ನ್ಯೂ ಆರ್ಲಿಯನ್ಸ್ ನಗರದಲ್ಲಿ, ಅರುವತ್ತು ಸಾವಿರಕ್ಕೂ ಮಿಕ್ಕ ಪ್ರೇಕ್ಷಕರೆದುರು, ಚೆನ್ನಾಗಿ ಸಿದ್ಧನಾಗಿ ಬಂದ ಅಲಿ ಮರಳಿ ಪಡೆದನು. ದಿಢೀರನೆ ಬಂದ ಕೀರ್ತಿ, ಹಣ, ಹಿಂಬಾಲಕರ ಸಂತೆ, ಇವುಗಳ ನಡುವೆ ಸ್ಪಿಂಕ್ಸ್ ತನ್ನ ಅಭ್ಯಾಸವನ್ನು ಕಳೆದುಕೊಂಡಿದ್ದನು. ಇಪ್ಪತ್ತು ಮೂವತ್ತು ಕಾಳಗಗಳ ಮೆಟ್ಟಿಲುಗಳು ಹೊಡೆತಕ್ಕೆ ಮಾತ್ರ ಸಿದ್ಧಗೊಳಿಸುವುದಿಲ್ಲ, ಕೀರ್ತಿಗೂ ಸಿದ್ಧಗೊಳಿಸುತ್ತವೆ ಎಂಬುದನ್ನು ಈ ಬದುಕನ್ನು ನೋಡಿದವರು ಒಪ್ಪದಿರಲಾರರು. ಆದರೂ ಸೋತ ಬಳಿಕದ ಅವನ ದುರ್ದೆಸೆಯನ್ನು ಮಾತ್ರ ನೆನೆದು ಆ ಫೆಬ್ರುವರಿಯ ರಾತ್ರಿಯನ್ನು ಆಕಸ್ಮಿಕವೆಂದು ತಳ್ಳಿಹಾಕುವವರು ಹದಿನೈದು ಸುತ್ತುಗಳ ಆ ಶ್ರಮವನ್ನು ಕಂಡಿಲ್ಲವೆಂದೇ ಹೇಳಬೇಕು. ಸ್ಪಿಂಕ್ಸ್ 2021ರ ಫೆಬ್ರುವರಿ 5ರಂದು ನಿಧನನಾದನು.

ಜಪಾನಿನಲ್ಲಿ ಈ ಬಗೆಯ ಸಾಧನೆ ಒಂದು ಪರಂಪರೆಯಾಗಿಯೇ ಬೆಳೆದಿದೆ. ಒಬ್ಬನು ಹೂಡಿದ ದಾಖಲೆಯನ್ನು ಇನ್ನೊಬ್ಬನು ಮುರಿಯುವುದು ಅಲ್ಲಿನ ಗರಡಿಗಳಲ್ಲಿ ಗುರುಶಿಷ್ಯರ ನಡುವಣ ಹೆಮ್ಮೆಯ ವಿಷಯ. ಒಕಿನಾವದ ದ್ವೀಪದಿಂದ ಬಂದ ಯೋಕೊ ಗುಶಿಕೆನ್ 1976ರ ಅಕ್ಟೋಬರಿನಲ್ಲಿ ಒಂಬತ್ತನೆಯ ಕಾಳಗದಲ್ಲಿ ವಿಶ್ವಪಟ್ಟ ಪಡೆದು, ಅದನ್ನು ಹದಿಮೂರು ಬಾರಿ ಸತತವಾಗಿ ಕಾಪಾಡಿಕೊಂಡನು. ಜೊಇಚಿರೊ ತತ್ಸುಯೊಷಿ 1991ರಲ್ಲಿ ಅದನ್ನು ಎಂಟಕ್ಕಿಳಿಸಿದನು. ಕಜುಟೊ ಇಒಕ 2011ರಲ್ಲಿ ಏಳಕ್ಕೆ. ನವೊಯಾ ಇನೊವೆ 2014ರಲ್ಲಿ ಆರಕ್ಕೆ. ಕೊಸೆಯ್ ತನಾಕ 2015ರಲ್ಲಿ ಐದಕ್ಕೆ. ಕೊನೆಯ ಹೆಸರಿನವನು ಮುಂದೆ ಹನ್ನೆರಡನೆಯ ಕಾಳಗದೊಳಗೆ ಮೂರು ತೂಕವರ್ಗಗಳ ಪಟ್ಟಗಳನ್ನು ಧರಿಸಿದನಾದರೂ, ಅವುಗಳಲ್ಲಿ ಮೊದಲೆರಡು ತೆರವಾಗಿದ್ದ ಪಟ್ಟಗಳೆಂಬುದನ್ನು ಮರೆಯಲಾಗದು.

ಇವರಲ್ಲಿ ಇನೊವೆಯ ಎಂಟನೆಯ ಕಾಳಗ ವಿಶೇಷ ಗಮನಕ್ಕೆ ಅರ್ಹ. ಆರನೆಯ ಕಾಳಗದಲ್ಲಿ ಪಟ್ಟ ಗೆದ್ದಾಗ 108 ಪೌಂಡಿಗೆ ಮೈಯನ್ನು ಇಳಿಸುವ ಕಷ್ಟದಿಂದ ಅವನ ಕಾಲು ಹಿಡಿದುಕೊಂಡಿತ್ತು. ಅದೇ ವರ್ಷದ ಡಿಸೆಂಬರ್ 30ರಂದು ಎರಡು ವರ್ಗ ಮೇಲೇರಿ ಅರ್ಜೆಂಟೀನದ ಒಮಾರ್ ನಾರ್ವಾಯೆಸನನ್ನು ಎದುರಿಸಿದನು. ನಾರ್ವಾಯೆಸ್ ಎರಡು ವರ್ಗಗಳಲ್ಲಿ ವರ್ಷಾನುವರ್ಷ ಪಟ್ಟವನ್ನಾಳಿದ ಚತುರ. ಅವನು ಅದುವರೆಗೆ ಸೋತುದು ಒಮ್ಮೆ ಮಾತ್ರ, ಅದೂ ತೀರ್ಪಿನಿಂದ. ಇನೊವೆ ಅವನನ್ನು ಎರಡು ಸುತ್ತುಗಳೊಳಗೆ ನಾಲ್ಕು ಬಾರಿ ನೆಲಕ್ಕುರುಳಿಸಿದನು. ಕಾಳಗ ಮುಗಿದ ಕೂಡಲೆ ಸೋತವನ ಕಡೆಯವರು ಬಂದು, ಆ ಕೈಗವಚದೊಳಗೆ ಏನನ್ನೋ ಬಚ್ಚಿಟ್ಟಿರಬೇಕೆಂಬ ಅನುಮಾನದಿಂದ, ಅದನ್ನು ತೋರಿಸೆಂದು ಕೇಳಿದರು. ಅಲ್ಲಿಯೇ ಅದನ್ನು ಬಿಚ್ಚಿ ತೋರಿಸಲಾಯಿತು. ಅದರೊಳಗೆ ಇಪ್ಪತ್ತೊಂದು ವರ್ಷದ ಹುಡುಗನ ಕೈ ಮಾತ್ರ ಇತ್ತು.

ಆಸ್ಟ್ರೇಲಿಯದ ಜೆಫ್ ಫೆನೆಕ್ 1984ರ ಅಕ್ಟೋಬರಿನಲ್ಲಿ ವೃತ್ತಿಗಿಳಿದು ಏಳು ತಿಂಗಳು ತುಂಬುವುದರೊಳಗೆ, ಏಳನೆಯ ಕಾಳಗದಲ್ಲಿ, 118 ಪೌಂಡಿನ ಪಟ್ಟವನ್ನು ಗೆದ್ದನು. ಉಜ್ಬೆಕಿಸ್ತಾನದ ಮುರೊಜೊನ್ ಅಖ್ಮದಲೀವ್ 2020ರಲ್ಲಿ ಎಂಟನೆಯ ಕಾಳಗದಲ್ಲಿ ಎರಡು ಮಂಡಳಿಗಳ ಪಟ್ಟವನ್ನು ಒಟ್ಟಿಗೆ ಪಡೆದನು. ನ್ಯೂಯಾರ್ಕಿನ ಡೇವಿ ಮೂರ್ 1982ರ ಫೆಬ್ರುವರಿಯಲ್ಲಿ ಟೋಕಿಯೋಗೆ ಹೋಗಿ, ಒಂಬತ್ತನೆಯ ಕಾಳಗದಲ್ಲಿ, ತದಾಷಿ ಮಿಹಾರನನ್ನು ಅವನ ನೆಲದಲ್ಲಿಯೇ ಕೆಡಹಿದನು. ಮೂರನ ಕಥೆಯ ಉತ್ತರಾರ್ಧ 1983ರ ಜೂನ್ 16ರಂದು ನಡೆಯಿತು. ಎಪ್ಪತ್ತಕ್ಕೂ ಮಿಕ್ಕ ಕಾಳಗಗಳಲ್ಲಿ ಕುದಿದು ಗಟ್ಟಿಯಾಗಿದ್ದ ಪನಾಮದ ರೊಬೆರ್ಟೊ ದುರಾನ್, ಆ ದಿನವೇ 32 ತುಂಬಿದವನು, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಅವನಿಗೆ ಎಂಟು ಸುತ್ತುಗಳಲ್ಲಿ ಈ ವೃತ್ತಿಯ ಪಾಠಗಳನ್ನೆಲ್ಲ ಒಂದೇ ಸಲಕ್ಕೆ ಕಲಿಸಿದನು. ಮೂರನ ಬಲಗಣ್ಣು ಬೇಗನೆ ಮುಚ್ಚಿಹೋಯಿತು. ಕಾಣದ ಆ ಬದಿಯಿಂದಲೇ ಪೆಟ್ಟುಗಳು ಬಂದವು.

ಭಾರವರ್ಗಗಳಲ್ಲಿ ಹೀಗೆ ಎರಗುವುದು ಹೆಚ್ಚು ಕಷ್ಟ. ದೇಹ ದೊಡ್ಡದಾದಷ್ಟೂ ತಪ್ಪಿಗೆ ತೆರಬೇಕಾದ ಬೆಲೆಯೂ ದೊಡ್ಡದು. 1986ರ ಜುಲೈ 12ರಂದು ಅಟ್ಲಾಂಟದಲ್ಲಿ, ಹನ್ನೆರಡನೆಯ ಕಾಳಗದಲ್ಲಿ, ಇವಾಂಡರ್ ಹೋಲಿಫೀಲ್ಡ್ ಕ್ರೂಸರ್ ವರ್ಗದ ಪಟ್ಟಾಧಿಕಾರಿ ಡ್ವೈಟ್ ಮುಹಮ್ಮದ್ ಕವಿಯೊಡನೆ ಹದಿನೈದು ಸುತ್ತು ಹೋರಿ ಗೆದ್ದನು. ಮೈಯ ನೀರೆಲ್ಲ ಬಸಿದು, ಗೆದ್ದವನನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಅತಿ ಕಡಿಮೆ ಕಾಳಗಗಳಲ್ಲಿ ಪಟ್ಟ ಗೆದ್ದ ಆ ವರ್ಗದ ದಾಖಲೆಯನ್ನು ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ 2016ರಲ್ಲಿ ಪೋಲೆಂಡಿಗೆ ಹೋಗಿ, ಅಲ್ಲಿಯವನೇ ಆದ ಅಜೇಯ ಗ್ಲೊವಾಟ್ಸ್ಕಿಯನ್ನು ತನ್ನ ಹತ್ತನೆಯ ಕಾಳಗದಲ್ಲಿ ಸೋಲಿಸಿ ಮುರಿದನು. ಮೈಕಲ್ ಬೆಂಟ್ ಎಂಬ ಅಮೆರಿಕನ್ ಮಲ್ಲನ ಚರಿತ್ರೆ ಇನ್ನೂ ವಿಚಿತ್ರ: 1989ರಲ್ಲಿ ತನ್ನ ಮೊದಲ ಕಾಳಗದ ಮೊದಲ ಸುತ್ತಿನಲ್ಲಿಯೇ ನಾಕ್‌ಔಟ್ ಆದ ಅವನು, 1993ರ ಅಕ್ಟೋಬರ್ 29ರಂದು ಟಾಮಿ ಮಾರಿಸನ್ನನನ್ನು ಅದೇ ಮೊದಲ ಸುತ್ತಿನಲ್ಲಿ ಮೂರು ಬಾರಿ ಕೆಡಹಿ ಗುರುಭಾರವರ್ಗದ ಒಂದು ಪಟ್ಟವನ್ನು ಗೆದ್ದನು. ಅದು ಅವನ ಹನ್ನೆರಡನೆಯ ಕಾಳಗ. ಹದಿಮೂರನೆಯದರಲ್ಲಿ ಲಂಡನ್ನಿನಲ್ಲಿ ಹರ್ಬಿ ಹೈಡನಿಗೆ ಸೋತು, ತಲೆಗೆ ಬಿದ್ದ ಪೆಟ್ಟಿನಿಂದ ಪ್ರಜ್ಞೆ ತಪ್ಪಿ, ಮತ್ತೆಂದೂ ಕಣಕ್ಕಿಳಿಯಕೂಡದೆಂಬ ವೈದ್ಯರ ಆಜ್ಞೆಗೆ ತಲೆಬಾಗಿ, ನಟನಾದನು. ಇತ್ತೀಚೆಗೆ, 2023ರ ಅಕ್ಟೋಬರಿನಲ್ಲಿ ರಿಯಾದ್ ನಗರದಲ್ಲಿ, ಮಿಶ್ರಸಮರಕಲೆಯ ಮಾಜಿ ಪಟ್ಟಾಧಿಕಾರಿ, ಕ್ಯಾಮರೂನಿನ ಫ್ರಾನ್ಸಿಸ್ ಎನ್‌ಗಾನು ತನ್ನ ಮೊದಲ ಮುಷ್ಟಿಕಾಳಗದಲ್ಲಿಯೇ ಟೈಸನ್ ಫ್ಯೂರಿಯನ್ನು ಮೂರನೆಯ ಸುತ್ತಿನಲ್ಲಿ ನೆಲಕ್ಕೆ ಕೆಡಹಿ, ಹತ್ತು ಸುತ್ತುಗಳ ಕೊನೆಗೆ ಭಿನ್ನಮತದ ತೀರ್ಪಿನಿಂದ ಸೋತಾಗ ರಾಡಮಾಕರನ ಸಿಯಾಟಲ್ ರಾತ್ರಿ ಅನೇಕರ ನೆನಪಿಗೆ ಬಂದಿತು. ಅಲ್ಲಿ ಪಟ್ಟ ಪಣದಲ್ಲಿರಲಿಲ್ಲ.

ಮಹಿಳೆಯರ ವೃತ್ತಿಪರ ಕಾಳಗ ಈಚೆಗೆ ಬಲಗೊಂಡುದರಿಂದ ಅಲ್ಲಿ ಮೆಟ್ಟಿಲುಗಳ ಸಂಖ್ಯೆಯೇ ಕಡಿಮೆ. ಎರಡು ಒಲಿಂಪಿಕ್ ಸ್ವರ್ಣಗಳ ಒಡತಿ ಕ್ಲಾರೆಸ್ಸ ಶೀಲ್ಡ್ಸ್ ನಾಲ್ಕನೆಯ ಕಾಳಗದಲ್ಲಿ ಪಟ್ಟವನ್ನೂ, 2020ರ ಜನವರಿಯಲ್ಲಿ ಹತ್ತನೆಯದರಲ್ಲಿ ಮೂರನೆಯ ವರ್ಗದ ಪಟ್ಟವನ್ನೂ ಗೆದ್ದಳು. ಐರ್ಲೆಂಡಿನ ಕೇಟಿ ಟೇಲರ್ 2017ರಲ್ಲಿ ಏಳನೆಯದರಲ್ಲಿ ವಿಶ್ವಪಟ್ಟ ಪಡೆದಳು. ಭಾರತದಲ್ಲಿ, ಬೀಜಿಂಗ್ ಒಲಿಂಪಿಕ್ಸಿನ ಕಂಚಿನ ಪದಕ ಪಡೆದ ವಿಜೇಂದರ್ ಸಿಂಗ್ 2015ರಲ್ಲಿ ಮ್ಯಾಂಚೆಸ್ಟರಿನಲ್ಲಿ ವೃತ್ತಿ ಆರಂಭಿಸಿ, 2016ರ ಜುಲೈ 16ರಂದು ದೆಹಲಿಯಲ್ಲಿ ಏಳನೆಯ ಕಾಳಗದಲ್ಲಿ ಕೆರಿ ಹೋಪನನ್ನು ಸೋಲಿಸಿ ಏಷ್ಯಾ ಪೆಸಿಫಿಕ್ ಪಟ್ಟ ಪಡೆದನು. ಅದು ವಿಶ್ವಪಟ್ಟವಲ್ಲವಾದರೂ, ವೃತ್ತಿಪರ ಮುಷ್ಟಿಯುದ್ಧದ ವ್ಯವಸ್ಥೆಯೇ ಎಳಸಾಗಿದ್ದ ನಮ್ಮ ದೇಶದಲ್ಲಿ ದೊಡ್ಡ ಸಭೆ ಸ್ವದೇಶದ ಮಲ್ಲನೊಬ್ಬನಿಗಾಗಿ ಕೂಡಿದುದೇ ಒಂದು ಘಟನೆ.

ಇಲ್ಲಿ ಒಂದು ಮಾತು ಅವಶ್ಯ. ಹಿಂದೆ ಎಂಟೇ ತೂಕವರ್ಗಗಳು, ವರ್ಗಕ್ಕೊಬ್ಬನೇ ಜಗಜ್ಜೆಟ್ಟಿ ಇದ್ದ ಕಾಲ ಹೋಗಿ, ಇಂದು ಕನಿಷ್ಠ ಹದಿನೇಳು ವರ್ಗಗಳೂ ನಾಲ್ಕು ಪ್ರಮುಖ ಮಂಡಳಿಗಳೂ ಇರುವುದರಿಂದ, ಪಟ್ಟವೆಂಬುದು ಮೊದಲಿಗಿಂತ ಎಟುಕಿನ ವಸ್ತುವಾಗಿದೆ. ಆದುದರಿಂದ ಕಾಳಗಗಳ ಸಂಖ್ಯೆಯೊಂದನ್ನೇ ಹಿಡಿದು ಈ ಸಾಧನೆಗಳನ್ನು ತೂಗುವುದು ಸಲ್ಲದು. ಎದುರಿಗಿದ್ದವನು ಯಾರು, ಅವನು ಆಗ ಯಾವ ಸ್ಥಿತಿಯಲ್ಲಿದ್ದನು ಎಂಬುದನ್ನು ಕೇಳಲೇಬೇಕು.

ಉಕ್ರೇನಿನ ವಾಸಿಲ್ ಲೊಮಾಚೆಂಕೊವಿನ ವಿಷಯದಲ್ಲಿ ಈ ಪ್ರಶ್ನೆಗಳೆಲ್ಲ ಒಟ್ಟಿಗೆ ಏಳುತ್ತವೆ. ತಂದೆ ಅನತೊಲಿಯೇ ಇವನ ಗುರು. ಮಗನ ಹೆಜ್ಜೆಗಳು ಹಗುರವಾಗಲೆಂದು ಬಾಲ್ಯದಲ್ಲಿ ಕೆಲವು ವರ್ಷ ಅವನನ್ನು ಗರಡಿಯಿಂದ ಬಿಡಿಸಿ ಉಕ್ರೇನಿನ ಜಾನಪದ ನೃತ್ಯವನ್ನು ಕಲಿಯಲು ಕಳುಹಿಸಿದನು. ಕಣದಲ್ಲಿ ಎದುರಾಳಿಯ ಭುಜದ ಪಕ್ಕದಿಂದ ಅರ್ಧವೃತ್ತದಲ್ಲಿ ಜಾರಿ, ಅವನು ತಿರುಗುವುದರೊಳಗೆ ಬೆನ್ನ ಹಿಂದಿನಿಂದಲೇ ಪೆಟ್ಟಿಡುವ ಆ ನಡೆಯನ್ನು ಕಂಡವರು ತಂದೆಯ ದೂರದೃಷ್ಟಿಗೆ ತಲೆದೂಗದಿರಲಾರರು. 2008ರಲ್ಲಿ, 2012ರಲ್ಲಿ ಎರಡು ಒಲಿಂಪಿಕ್ ಸ್ವರ್ಣಗಳು; ಹವ್ಯಾಸಿ ಕಣದಲ್ಲಿ 396 ಗೆಲುವು, ಒಂದೇ ಸೋಲು, ಆ ಸೋಲಿಗೂ ಸೇಡು. ಇಷ್ಟು ಹೊತ್ತು ಬಂದವನು 2013ರ ಅಕ್ಟೋಬರಿನಲ್ಲಿ ಮೊದಲ ಕಾಳಗ ಗೆದ್ದು, 2014ರ ಮಾರ್ಚ್ 1ರಂದು ಟೆಕ್ಸಸ್‌ನ ಸಾನ್ ಆಂಟೋನಿಯೊದಲ್ಲಿ, ಎರಡನೆಯದರಲ್ಲಿಯೇ, ಮೆಕ್ಸಿಕೊದ ಒರ್ಲಾಂಡೊ ಸಲಿಡೊವಿನ ಎದುರು ನಿಂತನು. ಗೆದ್ದಿದ್ದರೆ ಸೆನ್ಸಾಕನ ದಾಖಲೆ ಮುರಿಯುತ್ತಿತ್ತು.

ಸಲಿಡೊ ತಕ್ಕಡಿಯ ಮೇಲೆ 126 ಪೌಂಡಿನ ಮಿತಿಯನ್ನು ಮೀರಿ ತನ್ನ ಪಟ್ಟವನ್ನು ಅಲ್ಲಿಯೇ ಕಳೆದುಕೊಂಡಿದ್ದನು. ಮರುದಿನ ಕಣಕ್ಕೆ ಬರುವ ವೇಳೆಗೆ ಅವನ ಮೈ ಎದುರಾಳಿಗಿಂತ ಹನ್ನೊಂದು ಪೌಂಡಿನಷ್ಟು ಭಾರವಾಗಿತ್ತು. ಆ ಭಾರವನ್ನೆಲ್ಲ ಅವನು ಹುಡುಗನ ಮೇಲೆ ಹೊರಿಸಿದನು. ಹತ್ತಿರಕ್ಕೆ ನುಗ್ಗಿ, ಅಪ್ಪಿ ಹಿಡಿದು, ಸೊಂಟದ ಕೆಳಗೂ ಹೊಡೆದು, ನಿರ್ಣಾಯಕನು ಸುಮ್ಮನಿರುವಷ್ಟು ಹೊತ್ತು ತನ್ನ ಆಟವನ್ನೇ ಆಡಿಸಿದನು. ಮುನ್ನೂರ ತೊಂಬತ್ತಾರು ಗೆಲುವುಗಳು ಕಲಿಸದ ವಿದ್ಯೆ ಅದು. ಆದರೂ ಹನ್ನೆರಡನೆಯ ಸುತ್ತಿನಲ್ಲಿ ಲೊಮಾಚೆಂಕೊ ಸಲಿಡೊವನ್ನು ತತ್ತರಿಸುವಂತೆ ಹೊಡೆದನು. ಗಂಟೆ ಬಾರಿಸಿದಾಗ ಮುದಿಯೋಧನು ಬೀಳುವುದರಲ್ಲಿದ್ದನು. ತೀರ್ಪು ಎರಡಕ್ಕೆ ಒಂದರಂತೆ ಸಲಿಡೊವಿನದಾಯಿತು. ಮೂರೂವರೆ ತಿಂಗಳ ಮೇಲೆ, ಜೂನ್ 21ರಂದು, ಲೊಮಾಚೆಂಕೊ ತನ್ನ ಮೂರನೆಯ ಕಾಳಗದಲ್ಲಿ ವೇಗಕ್ಕೆ ಹೆಸರಾದ ಗ್ಯಾರಿ ರಸೆಲ್ಲನನ್ನು ಸೋಲಿಸಿ ತೆರವಾಗಿದ್ದ ಅದೇ ಪಟ್ಟವನ್ನು ಪಡೆದು ಸೆನ್ಸಾಕನ ಪಕ್ಕದಲ್ಲಿ ನಿಂತನು. ಏಳನೆಯ ಕಾಳಗದಲ್ಲಿ ಎರಡನೆಯ ವರ್ಗ. 2018ರ ಮೇ 12ರಂದು, ಹನ್ನೆರಡನೆಯದರಲ್ಲಿ, ತಾನೇ ಒಮ್ಮೆ ನೆಲಕಂಡು ಎದ್ದು, ಹೋರ್ಹೆ ಲಿನಾರೆಸನನ್ನು ಹತ್ತನೆಯ ಸುತ್ತಿನಲ್ಲಿ ಪಕ್ಕೆಯ ಪೆಟ್ಟಿನಿಂದ ಕುಗ್ಗಿಸಿ ಮೂರನೆಯ ವರ್ಗ.

ಸೆನ್ಸಾಕನೊಡನೆ ದೊರೆತ ಆ ಸರಿಸಮಾನತೆಯನ್ನು ಎಲ್ಲರೂ ಒಪ್ಪುವುದಿಲ್ಲ. ಒಲಿಂಪಿಕ್ಸಿಗೂ ವೃತ್ತಿಗೂ ನಡುವೆ ಲೊಮಾಚೆಂಕೊ ಬಾಕ್ಸಿಂಗಿನ ವಿಶ್ವಸರಣಿ ಎಂಬ ಪಂದ್ಯಾವಳಿಯಲ್ಲಿ ತನ್ನ ದೇಶದ ತಂಡಕ್ಕಾಗಿ ಆರು ಕಾಳಗಗಳನ್ನಾಡಿ ಆರನ್ನೂ ಗೆದ್ದಿದ್ದನು. ಹವ್ಯಾಸಿಗಳ ಸಂಸ್ಥೆಯೇ ನಡೆಸುತ್ತಿದ್ದ ಆ ಪಂದ್ಯಾವಳಿಯಲ್ಲಿ ತಲೆಗವಚವಿರಲಿಲ್ಲ, ಸುತ್ತುಗಳು ಐದು, ಆಟಗಾರರಿಗೆ ಸಂಬಳವುಂಟು. ಅವನ್ನು ವೃತ್ತಿಪರ ಕಾಳಗಗಳೆಂದು ಎಣಿಸುವವರ ಲೆಕ್ಕದಲ್ಲಿ ಅವನ ಮೊದಲ ಪಟ್ಟ ಒಂಬತ್ತನೆಯ ಕಾಳಗದ್ದಾಗುತ್ತದೆ, 1975ರ ಜುಲೈ 15ರ ಬ್ಯಾಂಕಾಕಿನ ಸಂಜೆ ಸೆನ್ಸಾಕ್ ಮುವಾಂಗ್‌ಸುರಿನನೊಬ್ಬನದೇ ಆಗಿ ಉಳಿಯುತ್ತದೆ. ಆದರೆ ಆ ಬಿಗಿಯಾದ ಅಳತೆಗೋಲನ್ನು ಹಿಡಿದವರು ಬ್ಯಾಂಕಾಕಿನ ಲುಂಪಿನೀ ಮೊದಲಾದ ಮುಯ್ ಥಾಯ್ ಕಣಗಳಲ್ಲಿ ಹಣಕ್ಕಾಗಿಯೇ ಕಾದಿದ ಥಾಯ್ ಮಲ್ಲರ ಕಾಳಗಗಳನ್ನು ಎಲ್ಲಿ ಬರೆದುಕೊಳ್ಳಬೇಕೆಂಬುದನ್ನೂ ಹೇಳಬೇಕಾಗುವುದು. ಆ ಪುಸ್ತಕವನ್ನು ಇನ್ನೂ ಯಾರೂ ತೆರೆದಿಲ್ಲ.